ಛುಟ್ಟಿ ಗಂಟಿ ಆದ ಮ್ಯಾಲ

ಶಹಾಪುರದಲ್ಲಿ ನನ್ನ ತಂಗಿ ಮಲ್ಲಮ್ಮನ ಮನೆಯ ಹಿಂದೆ ಒಂದು ವೆಲ್ಡಿಂಗ್ ಅಂಗಡಿ ಇದೆ. ಅವಳಿಗೆ ಮಣ್ಣು ಕೊಟ್ಟು ಬಂದ ಮರುದಿನ ಮಧ್ಯಾಹ್ನ, ಊಟದ ತಾಟುಗಳನ್ನು ತೊಳೆದು ಬೋರಲು ಹಾಕಿ, ಬಂದವರಿಗೆ ಹಾಸಿದ್ದ ಚಾಪೆಗಳನ್ನು ಸುತ್ತಿ ಗೋಡೆಗೆ ಆನಿಸಿ, ಪಡಸಾಲೆಯಲ್ಲಿ ಸ್ವಲ್ಪ ಅಡ್ಡಾಗಿದ್ದೆ. ಆಗ ಆ ಅಂಗಡಿಯಲ್ಲಿ ಯಾರೋ ಒಂದು ದಪ್ಪ ಕಬ್ಬಿಣದ ತುಂಡನ್ನು ತೂಗುಬಿಟ್ಟುಕೊಂಡು ಬಡಿಯತೊಡಗಿದರು. ನೆಲದ ಮೇಲಿಟ್ಟು ಬಡಿದರೆ ಕಬ್ಬಿಣದ ಸದ್ದು ಮೊಂಡಾಗಿರುತ್ತದೆ. ತೂಗುಬಿಟ್ಟು ಬಡಿದರೆ ಪ್ರತಿ ಪೆಟ್ಟಿನ ಹಿಂದೆ ಒಂದು ಉದ್ದನೆಯ ನಾದ ಉಳಿಯುತ್ತದೆ. ಅದು ಆರುವ ಮೊದಲೇ ಇನ್ನೊಂದು ಪೆಟ್ಟು ಬೀಳುತ್ತದೆ. ನಾನು ಎದ್ದು ಕುಳಿತಿದ್ದೆ. ಎದ್ದದ್ದು ಗೊತ್ತಾದದ್ದು ಆಮೇಲೆ. ಕೈ ಆಗಲೇ ಕೂದಲನ್ನು ಗಂಟು ಕಟ್ಟುತ್ತಿತ್ತು, ಕಾಲು ಚಪ್ಪಲಿ ಹುಡುಕುತ್ತಿತ್ತು. ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ನಿವೃತ್ತಳಾಗಿ ಎಷ್ಟೋ ವರ್ಷ ಕಳೆದ ಮುದುಕಿ ನಾನು. ಆದರೆ ಆ ಗಳಿಗೆಯಲ್ಲಿ ನನ್ನ ಮೈ ಹೇಳುತ್ತಿದ್ದದ್ದು ಒಂದೇ: ಛುಟ್ಟಿ ಗಂಟೆ ಹೊಡೆಯಿತು, ಏಳು, ಮಲ್ಲಿಯನ್ನು ಎತ್ತಿಕೋ.

ನಮ್ಮ ಅಪ್ಪ ಬಸಣ್ಣ ಶಾಲೆಯ ಜವಾನನಾಗಿದ್ದ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ ನಮ್ಮ ಮನೆ. ಅಂಗಳದಲ್ಲಿ ನಿಂತು ಕೂಗಿದರೆ ಕೇಳುವಷ್ಟು ದೂರದಲ್ಲಿ ಶಾಲೆ. ಶಾಲೆಯ ಮುಂದಿನ ಬೇವಿನ ಮರದ ಕೊಂಬೆಗೆ ರೈಲು ಹಳಿಯ ಒಂದು ತುಂಡನ್ನು ತಂತಿಯಿಂದ ಕಟ್ಟಿ ಇಳಿಬಿಟ್ಟಿದ್ದರು. ನಮ್ಮೂರಿಗೆ ರೈಲು ಇಲ್ಲ. ಆ ತುಂಡು ಯಾದಗಿರಿ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದೆಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಅಪ್ಪನ ಅಂಗೈಗೆ ಯಾವಾಗಲೂ ತುಕ್ಕಿನ ವಾಸನೆ. ಊಟಕ್ಕೆ ಕುಳಿತಾಗ ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ. ಅವನು ನನ್ನ ಬಾಯಿಗಿಟ್ಟ ತುತ್ತಿನಲ್ಲಿ ಜೋಳದ ರೊಟ್ಟಿ, ಹಿಂಡಿಪಲ್ಲೆ, ಶೇಂಗಾ ಹಿಂಡಿಯ ಜೊತೆಗೆ ಕಬ್ಬಿಣವೂ ಇರುತ್ತಿತ್ತು. ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲ ಗಂಟೆಗೆ ರೊಟ್ಟಿ ಬುಟ್ಟಿಗೆ ಬಿದ್ದಿರಬೇಕು, ಎರಡನೆಯದಕ್ಕೆ ಅಂಗಳ ಸಾರಿಸಿ ಆಗಿರಬೇಕು, ನಡುವಿನ ಗಂಟೆಗೆ ಉಣ್ಣಬೇಕು. ಇದು ಅಪ್ಪನ ತಾಯಿ, ನಮ್ಮ ಆಯಿಯ ಕಾನೂನು. ಹಣೆತುಂಬ ಈಬತ್ತಿ ಬಳಿದುಕೊಂಡು, ಒಲೆಯ ಮಗ್ಗುಲಲ್ಲಿ ಕುಳಿತು, ಗಂಟೆ ಬಿದ್ದ ಕೂಡಲೇ ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದಳು. ನಾನು ಮುಂದೆ ವಾರ್ಡಿನಲ್ಲಿ ಹೊತ್ತಿಗೆ ಸರಿಯಾಗಿ ಔಷಧಿ ಕೊಡುವುದನ್ನು ಕಲಿತದ್ದು ತರಬೇತಿಯಲ್ಲಲ್ಲ, ಆ ಒಲೆಯ ಮುಂದೆ.

ಶಾಲೆ ಬಿಡುವ ಕೊನೆಯ ಗಂಟೆ ಉದ್ದನೆಯದು. ನಿಜಾಮರ ಕಾಲದಲ್ಲಿ ಕೆಲಸಕ್ಕೆ ಸೇರಿದ ಅಪ್ಪನ ಬಾಯಲ್ಲಿ ಅದು ಛುಟ್ಟಿ ಗಂಟಿ. ಮನೆಯಲ್ಲಿ ಮಕ್ಕಳು ಏನು ಕೇಳಿದರೂ ಉತ್ತರ ಒಂದೇ ಆಗಿತ್ತು. ಬೆಲ್ಲ ಬೇಕೆಂದರೆ ಛುಟ್ಟಿ ಗಂಟಿ ಆದ ಮ್ಯಾಲ. ಕುಂಟಾಟ, ಕತೆ, ಮಾಳಿಗೆ ಹತ್ತುವುದು, ಎಲ್ಲವೂ ಛುಟ್ಟಿ ಗಂಟಿ ಆದ ಮ್ಯಾಲ. ಹಾಗೆಂದರೆ ಇಲ್ಲ ಎಂದಲ್ಲ. ಗಂಟೆಯಾದ ಮೇಲೆ ಆಯಿ ತಪ್ಪದೆ ಕೊಡುತ್ತಿದ್ದಳು, ಆಡಿದ ಮಾತಿಗೆ ತಪ್ಪಿದ್ದನ್ನು ನಾನು ಕಂಡಿಲ್ಲ. ನಮ್ಮ ಅವ್ವ ಬರುತ್ತಿದ್ದದ್ದೂ ಆ ಹೊತ್ತಿಗೇ. ಅವಳು ಮಂದಿಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಗಂಟೆ ಮೊಳಗುತ್ತಿದ್ದಂತೆ ಓಣಿಯ ತಿರುವಿನಲ್ಲಿ ಅವಳ ಹಸಿರು ಸೀರೆ ಕಾಣಿಸುತ್ತಿತ್ತು. ಉಡಿಯಲ್ಲಿ ಹಸಿ ಕಡಲೆಗಿಡವೋ ಎಳೆಯ ಸೌತೆಯೋ ಇರುತ್ತಿತ್ತು. ಮಣ್ಣು, ಬೆವರು, ಹಸಿ ಎಲೆ ಎಲ್ಲ ಕೂಡಿದ ವಾಸನೆಯನ್ನು ಹೊತ್ತುಕೊಂಡೇ ಹೊಸ್ತಿಲಲ್ಲಿ ಕುಳಿತು ಮಲ್ಲಿಗೆ ಹಾಲೂಡುತ್ತಿದ್ದಳು. ಮಲ್ಲಿ ಇನ್ನೂ ಮಾತು ಬಾರದ ಕೂಸು. ಆದರೆ ಗಂಟೆಯ ಮೊದಲ ಪೆಟ್ಟಿಗೇ ನನ್ನ ಸೊಂಟದ ಮೇಲಿಂದ ಕತ್ತು ತಿರುಗಿಸಿ ಬಾಗಿಲ ಕಡೆ ನೋಡುತ್ತಿತ್ತು.

ಮಧ್ಯಾಹ್ನದ ಮೇಲೆ ಶಾಲೆ ತಪ್ಪಿಸಿ ಮನೆಯಲ್ಲಿರುತ್ತಿದ್ದ, ಒಂಬತ್ತರ ಆಸುಪಾಸಿನ ನನಗೆ ಆ ಕೂಸೇ ಆಟಿಕೆ, ಆ ಕೂಸೇ ಕೆಲಸ. ಅದರ ಬುದ್ಧಿ ಬೆಳೆಯುವುದನ್ನು ನಾನು ಹತ್ತಿರದಿಂದ ನೋಡಿದೆ. ಮೊದಮೊದಲು ಅದರ ಕೈಯ ಕಟ್ಟಿಗೆ ಸೌಟನ್ನು ಕಸಿದು ಅರಿವೆಯ ಕೆಳಗೆ ಇಟ್ಟರೆ, ಸೌಟೆಂಬುದು ಇರಲೇ ಇಲ್ಲವೆಂಬಂತೆ ಬೇರೆ ಕಡೆ ತಿರುಗಿಬಿಡುತ್ತಿತ್ತು. ಕಣ್ಣಿಗೆ ಕಾಣದ್ದು ಅದರ ಪಾಲಿಗೆ ಇಲ್ಲ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು 'ಕೂಕ್' ಎಂದು ತೆರೆದರೆ, ಅವ್ವ ಹೊಸದಾಗಿ ಹುಟ್ಟಿಬಂದಳೋ ಎಂಬಂತೆ ಕೇಕೆ ಹಾಕುತ್ತಿತ್ತು. ಆಮೇಲೆ ಒಂದು ದಿನ, ಅಂಬೆಗಾಲಿಡುವ ಕಾಲದಲ್ಲಿ, ನಾನು ಅರಿವೆಯ ಕೆಳಗಿಟ್ಟ ಸೌಟನ್ನು ಅದು ಅರಿವೆ ಎಳೆದು ತೆಗೆದುಕೊಂಡಿತು. ನಾನು ಚಪ್ಪಾಳೆ ತಟ್ಟಿ ಅವ್ವನನ್ನು ಕರೆದೆ. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿ, 'ನೋಡಬೇ, ನನ್ನ ಮಗಳಿಗಿ ಈಗ ಮುಚ್ಚಿಟ್ಟದ್ದೂ ಕಾಣಾಕತ್ತದ' ಎಂದು ನಕ್ಕಳು. ಮುಚ್ಚಿಟ್ಟದ್ದು ಅಲ್ಲೇ ಇರುತ್ತದೆ ಎಂದು ಮಲ್ಲಿ ಕಲಿತ ಆ ದಿನಗಳಲ್ಲೇ ಅವ್ವನಿಗೆ ಜ್ವರ ಬಂತು. ಕಾಯಿಸಿದ ನೀರು, ಬೇವಿನ ಕಷಾಯ, ಸುರಪುರದ ಡಾಕ್ಟರು ಕೊಟ್ಟ ಸೂಜಿ, ಯಾವುದಕ್ಕೂ ಇಳಿಯದ ಜ್ವರ. ತೀರಿಕೊಂಡ ಅವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ ಹೂವು ಏರಿಸಿದಾಗ ಮಲ್ಲಿಯನ್ನು ಮಗ್ಗುಲ ಮನೆಯ ಕಾಶವ್ವ ಎತ್ತಿಕೊಂಡು ಹೋಗಿದ್ದಳು. ಕೂಸು ಹೆದರೀತೆಂದು ಆಯಿಯೇ ಕಳಿಸಿದ್ದಳು. ನಾವೆಲ್ಲ ಅತ್ತೆವು. ಓಣಿ ಅತ್ತಿತು. ಮಲ್ಲಿ ಕಾಶವ್ವನ ಮನೆಯಲ್ಲಿ ಮಂಡಾಳು ತಿನ್ನುತ್ತಿತ್ತು.

ಮನೆಗೆ ಬಂದ ಮೇಲೆ ಅದು ಹುಡುಕಲು ಶುರುಮಾಡಿತು. ಅಳದೆ, ಗಂಭೀರವಾಗಿ, ಕೆಲಸವೊಂದನ್ನು ಹಿಡಿದವರ ಹಾಗೆ. ಹಗ್ಗದ ಮೇಲೆ ಒಣಹಾಕಿದ ಕೌದಿಯನ್ನು ಎಳೆದು ಹಿಂದೆ ನೋಡಿತು. ಜೋಳದ ಚೀಲಗಳ ಸಂದಿಗೆ ತೆವಳಿತು. ಆಯಿಯ ಸೆರಗು ಎತ್ತಿ ಮುಖ ನೋಡಿ, ಬೇರೆಯ ಮುಖವೆಂದು ಸೆರಗು ಬಿಟ್ಟಿತು. ಆಯಿ ಗೋಡೆಯ ಕಡೆ ತಿರುಗಿ ಕುಳಿತಳು. ಸಂಜೆ ಗಂಟೆ ಹೊಡೆದಾಗ ಅದು ಬಾಗಿಲನ್ನು ನೋಡಿತು, ನೋಡುತ್ತಲೇ ಇತ್ತು. ನಾನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೋಳಿ ತೋರಿಸಿದೆ.

ಮಾತು ಬಂದ ಮೇಲೆ ಹುಡುಕಾಟ ಪ್ರಶ್ನೆಯಾಯಿತು. 'ಅವ್ವ ಎಲ್ಲಿ?' ಎಂದರೆ, ಅಬ್ಬೆತುಮಕೂರಿಗೆ, ಮಠಕ್ಕೆ ಹೋಗಿದ್ದಾಳೆ ಎಂದು ಅಪ್ಪ ಹೇಳಿದ. 'ಯಾವಾಗ ಬರ್ತಾಳ?' ಎಂದಾಗ ಆಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, ಬೆಲ್ಲ ಕೇಳಿದ ಮಗುವಿಗೆ ಹೇಳುವ ಹಾಗೆಯೇ, 'ಛುಟ್ಟಿ ಗಂಟಿ ಆದ ಮ್ಯಾಲ' ಎಂದುಬಿಟ್ಟಳು. ಅಂದದ್ದು ಅಭ್ಯಾಸಬಲದಿಂದ. ಬಡಿಯುವ ಕೈ ಆಮೇಲೆ ನಿಂತಿತು, ರೊಟ್ಟಿ ಕಲ್ಲಿಗೆ ಅಂಟಿಕೊಂಡಿತು. ಆದರೆ ಆಯಿಯ ಮಾತು ಎಂದೂ ಸುಳ್ಳಾಗದ ಮನೆ ಅದು. ಮಲ್ಲಿ ಅದನ್ನು ಹಿಡಿದುಕೊಂಡಳು.

ಮೂರು ನಾಲ್ಕು ವರ್ಷದ ಮಗುವಿನ ಲೋಕ ದೊಡ್ಡವರ ಲೋಕವಲ್ಲ. ಅವಳ ಲೋಕದಲ್ಲಿ ಚಂದಿರ ಅವಳ ಹಿಂದೆಯೇ ಓಣಿ ತಿರುಗುತ್ತಿದ್ದ, ಎಡವಿದ ಕಲ್ಲಿಗೆ ಸಿಟ್ಟಿತ್ತು, ಅರಿವೆ ಸುತ್ತಿದ ಒನಕೆಗೆ ನಿದ್ದೆ ಬರುತ್ತಿತ್ತು. ಕಾಶವ್ವನ ಮಗನಿಗೂ ಅವಳಿಗೂ ಒಂದೇ ಲೋಟದಿಂದ ಅಳೆದು ಮಜ್ಜಿಗೆ ಹಾಕಿದರೂ, ಅವಳದನ್ನು ಎತ್ತರದ ಕಿರಿದಾದ ಚೊಂಬಿಗೆ ಹಾಕಿಕೊಡಬೇಕು; ಆಗ ತನಗೇ ಹೆಚ್ಚು ಬಂತೆಂದು ಅವನಿಗೆ ನಾಲಗೆ ಚಾಚಿ ತೋರಿಸುತ್ತಿದ್ದಳು. ಇನ್ನು ಗಂಟೆ. ನಮಗೆ ಹೊತ್ತಾಗುತ್ತಿತ್ತು, ಅದಕ್ಕೆ ಅಪ್ಪ ಗಂಟೆ ಹೊಡೆಯುತ್ತಿದ್ದ. ಅವಳ ಲೆಕ್ಕದಲ್ಲಿ ಅಪ್ಪ ಹೊಡೆಯುತ್ತಿದ್ದ, ಅದಕ್ಕೆ ಹೊತ್ತಾಗುತ್ತಿತ್ತು. ಅಪ್ಪ ಹೊಡೆದರೆ ಮಕ್ಕಳು ಹೊರಗೆ ಬರುತ್ತಾರೆ, ದನಗಳು ಮನೆಗೆ ಬರುತ್ತವೆ, ಬಿಸಿಲು ಕೆಂಪಾಗುತ್ತದೆ. ಅವ್ವನೂ ಬರಬೇಕು. ಬರುತ್ತಿಲ್ಲವೆಂದರೆ ಹೊಡೆಯುವುದರಲ್ಲೇ ಏನೋ ಕೊರತೆ.

ಒಂದು ದಿನ ಮುಂಜಾನೆಯ ಎರಡನೆಯ ಪಾಠ ನಡೆದಿತ್ತು. ನಾನು ಮೇಲಿನ ತರಗತಿಯಲ್ಲಿ ಕುಳಿತಿದ್ದೆ. ಗಂಟೆ ಹೊಡೆಯಿತು. ಎಡವಟ್ಟಾದ, ಏರುಪೇರಿನ ಪೆಟ್ಟುಗಳು, ಆದರೆ ನಿಲ್ಲದೆ ಬೀಳುತ್ತಿದ್ದವು. ಮಕ್ಕಳಿಗೆ ಅಷ್ಟೇ ಸಾಕಾಯಿತು. ಪಾಟಿ ಚೀಲ ಎತ್ತಿಕೊಂಡು ಇಡೀ ಶಾಲೆ ಹೋ ಎಂದು ಹೊರಗೆ ನುಗ್ಗಿತು. ಬೇವಿನ ಮರದ ಕೆಳಗೆ, ಕಲ್ಲಿನ ಬೆಂಚಿನ ಮೇಲೆ ಕಾಲ್ಬೆರಳಲ್ಲಿ ನಿಂತು, ಎರಡೂ ಕೈಯಲ್ಲಿ ಸಲಾಕೆ ಹಿಡಿದು ಮಲ್ಲಿ ಬಡಿಯುತ್ತಿದ್ದಳು. ಬೇವಿನ ಹೂವು ಅವಳ ತಲೆಯ ಮೇಲೆಲ್ಲ ಉದುರಿತ್ತು. ಓಡುವ ಮಕ್ಕಳ ಕಡೆ ಅವಳ ಲಕ್ಷ್ಯವೇ ಇಲ್ಲ. ಕಣ್ಣು ದಾರಿಯ ಮೇಲಿತ್ತು.

ಹೆಡ್‌ಮಾಸ್ತರರು ಧೋತರ ಎತ್ತಿಕೊಂಡು ಓಡಿ ಬಂದರು. 'ಬಸಣ್ಣಾ! ಎಲ್ಲಿ ಸತ್ತ್ಯೋ? ನಿನ್ನ ಮಗಳು ಹಗಲ್ಹನ್ನೊಂದಕ್ಕ ಸಾಲಿ ಬಿಟ್ಟಾಳ ನೋಡು! ನಾಳಿ ಇನ್‌ಸ್ಪೆಕ್ಟರ್ ಸಾಹೇಬ್ರು ಕೇಳಿದ್ರ ನಿನ್ನ ನೌಕರಿ ಉಳೀತದೇನಪಾ?'

ನೀರಿನ ಕೊಡ ಹೊತ್ತು ಬರುತ್ತಿದ್ದ ಅಪ್ಪ ಅದನ್ನು ಇಳಿಸಿ, ಅವಳ ಕೈಯಿಂದ ಸಲಾಕೆ ತೆಗೆದುಕೊಂಡ. ಅವನ ಮೋರೆ ಬಿಳಿಚಿಕೊಂಡಿತ್ತು. 'ಯಾಕವ್ವ ಹೊಡದಿ?'

'ಅವ್ವ ಬರ್ಲಿ ಅಂತ.'

ಅಪ್ಪ ಅವಳ ತಲೆಯ ಮೇಲಿನ ಬೇವಿನ ಹೂವು ಕೊಡವಿದ.

'ನೀ ಹೊಡದ್ರ ಬರವಲ್ಲಳು. ನೀ ಮೆಲ್ಲಕ ಹೊಡೀತಿ. ಅಬ್ಬೆತುಮಕೂರಿಗಿ ಕೇಳಸಂಗಿಲ್ಲ.'

ಹೆಡ್‌ಮಾಸ್ತರರು ಕೈಯಲ್ಲಿದ್ದ ಗಡಿಯಾರವನ್ನು ಕಿಸೆಗೆ ಇಳಿಸಿ, ಮರದ ಕಡೆ ನೋಡುತ್ತ, 'ಹೋಗ್ಲಿ ಬಿಡು. ಇವತ್ತ ಛುಟ್ಟಿನೇ ಆಗ್ಲಿ' ಎಂದು ಒಳಗೆ ಹೋದರು.

ಅಂದಿನಿಂದ ಅಪ್ಪ ಗಂಟೆ ಹೊಡೆಯುವ ಬಗೆ ಬದಲಾಯಿತು. ಸಂಜೆಯ ಗಂಟೆಗೆ ಮಲ್ಲಿ ಹೋಗಿ ಮರದ ಕೆಳಗೆ ಕೂರುತ್ತಿದ್ದಳು. ಅಪ್ಪ ಅವಳನ್ನೊಮ್ಮೆ ನೋಡಿ, ಸಲಾಕೆಯನ್ನು ಹೆಗಲಿನಿಂದ ಎತ್ತಿ ಹೊಡೆಯುತ್ತಿದ್ದ. ಕೊಂಬೆ ನಡುಗುತ್ತಿತ್ತು, ಗಿಳಿಗಳು ಹಾರಿಹೋಗುತ್ತಿದ್ದವು. ಸುರಪುರದ ಸಂತೆಗೆ ಹೋಗಿಬರುವವರು ದಾರಿಯಲ್ಲಿ ನಿಂತು, 'ಏನ್ ಬಸಣ್ಣಾ, ರೈಲಿನ ಮ್ಯಾಲ ಏನ ಸಿಟ್ಟದ ನಿಂದು? ಹೈದರಾಬಾದಿಗಿ ಕೇಳಸ್ಬೇಕೇನು?' ಎಂದು ಕಾಡುತ್ತಿದ್ದರು. ಅಪ್ಪ ನಗುತ್ತಿದ್ದ. ಅವನ ಬಲ ಹೆಗಲು ರಾತ್ರಿ ನೋಯುತ್ತಿತ್ತು; ನಾನು ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಸತ್ತವಳು ಬರುವುದಿಲ್ಲವೆಂದು ಗೊತ್ತಿದ್ದ ಆ ಮನುಷ್ಯ, ಗೊತ್ತಿಲ್ಲದ ಮಗಳಿಗಾಗಿ, ವರ್ಷಗಟ್ಟಲೆ ಹಾಗೆ ಹೊಡೆದ. ಹೇಳುವುದಕ್ಕಿಂತ ಹೊಡೆಯುವುದೇ ಅವನಿಗೆ ಸುಲಭವಾಗಿತ್ತು.

ಮಲ್ಲಿ ಶಾಲೆಗೆ ಸೇರಿದಳು. ಮಗ್ಗಿ ಬಂತು, ಓದು ಬಂತು. ಒಂದು ಬೇಸಿಗೆ ನಾನು ಎಂದಿನಂತೆ ಮಜ್ಜಿಗೆಯನ್ನು ಎತ್ತರದ ಚೊಂಬಿಗೆ ಸುರಿದು ಅವಳ ಮುಂದಿಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಟ್ಟಳು. 'ಅಕ್ಕಾ, ಎಷ್ಟ ದಿವಸ ನನ್ನ ಹುಚ್ಚಿ ಮಾಡ್ತಿ ಬೇ? ಚೊಂಬು ಸಣ್ಣದು, ಅದಕ್ಕ ಮ್ಯಾಲ ಏರ್ಯಾದ. ಹೊಳ್ಳಿ ಲೋಟಕ್ಕ ಹಾಕು, ಅಷ್ಟೇ ಅದ.' ಕಾಶವ್ವ ಕೇಳಿ ಮೆಚ್ಚಿದಳು. ನನಗೆ ಮೆಚ್ಚಲಾಗಲಿಲ್ಲ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಮನಸ್ಸಿನೊಳಗೇ ಸುರಿದು ನೋಡಲು ಮಲ್ಲಿಗೆ ಬಂತು. ಇನ್ನು ಎಷ್ಟು ದಿನ?

ಬಹಳ ದಿನ ಹಿಡಿಯಲಿಲ್ಲ. ಕಾಶವ್ವ ಹರಕೆ ತೀರಿಸಲು ಅಬ್ಬೆತುಮಕೂರಿನ ಮಠಕ್ಕೆ ಹೊರಟಳು. ಮಲ್ಲಿ ತಾನೂ ಬರುತ್ತೇನೆಂದು ಅವಳ ಸೀರೆಯ ಅಂಚು ಹಿಡಿದುಕೊಂಡಳು. ಬೇಡವೆನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಆಯಿ ಅವಳಿಗೆ ಎಣ್ಣೆ ಹಚ್ಚಿ ಬಾಚಿ, ಎರಡು ಜಡೆ ಹಾಕಿ, ಹೊಸ ಲಂಗ ತೊಡಿಸಿ ಕಳಿಸಿದಳು. ಮಲ್ಲಿ ಯಾರನ್ನು ಕಾಣಲು ಸಿಂಗರಿಸಿಕೊಳ್ಳುತ್ತಿದ್ದಾಳೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ಆಯಿ ತೆಗೆದ ಬೈತಲೆ ಅಂದು ಡೊಂಕಾಗಿತ್ತು.

ಮರುದಿನ ತಿರುಗಿ ಬಂದ ಕಾಶವ್ವ ನನ್ನನ್ನು ಹಿತ್ತಲಿಗೆ ಕರೆದಳು. 'ಏನ್ ಹುಡುಗಿನೋ ಯವ್ವಾ! ಮಠದಾಗ ಒಂದು ಕ್ವಾಣಿ ಬಿಡಲಿಲ್ಲ. ದಾಸೋಹದಾಗ ರೊಟ್ಟಿ ಬಡಿಯಾಕತ್ತ ಹೆಣಮಕ್ಕಳ ಮಾರಿ ಒಂದೊಂದಾಗಿ ನೋಡಿದ್ಲು. ಆಮ್ಯಾಲ ಒಬ್ಬಾಕಿಗಿ ಕೇಳಿದ್ಲು, ಇಲ್ಲಿ ಬಂದವ್ರು ಎಷ್ಟ ದಿವಸ ಇರ್ತಾರ್ರಿ ಅಂತ.'

'ಆಕಿ ಏನಂದ್ಲು?'

'ಏನಂತಾಳ? ಉಂಡು ಹೋಗ್ತಾರವ್ವ, ಯಾರೂ ಇಲ್ಲೇ ಉಳಿಯಂಗಿಲ್ಲ ಅಂದ್ಲು. ಮಲ್ಲಿ ತಾಟಿನ್ಯಾಗ ಹುಗ್ಗಿ ಹಾಕಿದ್ರು, ಎಲ್ಲಾ ಉಂಡ್ಲು. ಬಸ್ಸಿನ್ಯಾಗ ನನ್ನ ಜೋಡಿ ಒಂದು ಮಾತಾಡ್ಲಿಲ್ಲ.'

ಮನೆಯಲ್ಲೂ ಆಡಲಿಲ್ಲ. ಲಂಗ ಬಿಚ್ಚಿ ಮಡಚಿಟ್ಟಳು, ಕೈಕಾಲು ತೊಳೆದಳು, ಎಂದಿನಂತೆ ಬೇವಿನ ಮರದ ಕೆಳಗೆ ಹೋಗಿ ಕುಳಿತಳು. ನಾನು ಹಿಂದೆಯೇ ಹೋದೆ. ಅಪ್ಪ ಸಲಾಕೆಯನ್ನು ಹೆಗಲೆತ್ತರಕ್ಕೆ ಎತ್ತಿ ಹೊಡೆಯಲು ಶುರುಮಾಡಿದ. ಕೆಲವು ಪೆಟ್ಟು ಬಿದ್ದಿರಬೇಕು. ಮಲ್ಲಿ ಎದ್ದು ಹೋಗಿ ಅವನ ಖಾಕಿ ಕೋಟಿನ ತುದಿ ಹಿಡಿದು ಎಳೆದಳು.

'ಅಪ್ಪಾ, ಮೆಲ್ಲಕ ಹೊಡಿ. ಹೆಗಲು ನೋಯ್ತದ ನಿಂದು.'

ಅಪ್ಪ ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಎತ್ತಿದ ಸಲಾಕೆ ಅಲ್ಲೇ ನಿಂತಿತ್ತು. ಉಳಿದ ಪೆಟ್ಟುಗಳನ್ನು ಅಪ್ಪ ಮೆಲ್ಲಗೆ, ಕೈಯಿಂದ ಸವರಿದಷ್ಟು ಮೆಲ್ಲಗೆ ಹೊಡೆದ. ಶಾಲೆ ಬಿಟ್ಟಿತೋ ಇಲ್ಲವೋ ಎಂದು ಮಕ್ಕಳು ಕಿಟಕಿಯಿಂದ ಇಣುಕಿ ನೋಡುವಷ್ಟು ಮೆಲ್ಲಗೆ. ಆ ಇಬ್ಬರ ನಡುವೆ ಅವ್ವನ ಸಾವಿನ ಬಗ್ಗೆ ನಡೆದ ಮಾತು ಅಷ್ಟೇ.

ಮುಂದೆ ಅವಳು ಅವ್ವನ ಸುದ್ದಿ ಎತ್ತಲಿಲ್ಲ. ಆಯಿಗೆ ಕಣ್ಣಿನ ಪೊರೆ ಬಂದು, ನೆನಪು ಹಿಂದುಮುಂದಾಗಿ, ಮಲ್ಲಿಯನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ತಲೆ ಸವರುತ್ತ, 'ಛುಟ್ಟಿ ಗಂಟಿ ಆದ ಮ್ಯಾಲ ಬರ್ತಾಳ ತಗೋ ನಿಮ್ಮವ್ವ' ಎನ್ನುತ್ತಿದ್ದಳು. ಹತ್ತರ ಹುಡುಗಿ ಮಲ್ಲಿ, 'ಹೂಂ ಆಯಿ, ಬರ್ತಾಳ' ಎಂದು ಅವಳಿಗೆ ಎಲೆ ಅಡಿಕೆ ಕುಟ್ಟಿಕೊಡುತ್ತಿದ್ದಳು. ಮುಂದೆ ನರ್ಸಿಂಗ್ ತರಬೇತಿಯಲ್ಲಿ ಮಕ್ಕಳ ಬುದ್ಧಿ ಹೇಗೆ ಹಂತಹಂತವಾಗಿ ಬೆಳೆಯುತ್ತದೆಂಬ ಪಾಠವಿತ್ತು. ಎದುರಿನವರ ಮನಸ್ಸಿನಲ್ಲಿ ತನ್ನ ಮನಸ್ಸಿನಲ್ಲಿಲ್ಲದ್ದು ಇರಬಹುದೆಂದು ಮಗು ನಿಧಾನವಾಗಿ ಕಲಿಯುತ್ತದೆ ಎಂದು ಟೀಚರು ಹೇಳಿ, ಬರೆದುಕೊಳ್ಳಿ ಎಂದರು. ಎಲ್ಲರೂ ಬರೆದುಕೊಂಡರು. ನನ್ನ ಕಣ್ಣ ಮುಂದೆ ಅಡಿಕೆ ಕುಟ್ಟುವ ಆ ಸಣ್ಣ ಕೈ ಬಂದು ಪೆನ್ನು ನಿಂತಿತು. ಸುಳ್ಳಿನ ಕೆಳಗೆ ನಾವು ಅವಳನ್ನು ಬೆಚ್ಚಗೆ ಮುಚ್ಚಿಟ್ಟಿದ್ದೇವೆಂದುಕೊಂಡಿದ್ದೆವು. ಅದೇ ಸುಳ್ಳನ್ನು ಅವಳು ತಿರುಗಿಸಿ ನಮ್ಮ ಮೇಲೆ ಹೊದಿಸಿದ್ದಳು.

ಆಯಿ ತೀರಿಕೊಂಡಾಗ ಮಲ್ಲಿ ಅತ್ತ ಹಾಗೆ ಯಾರೂ ಅಳಲಿಲ್ಲ. ಮಣ್ಣಿಗೆ ಹೋಗಿ ಬಂದವರು ಉಂಡು ಎದ್ದರೂ ಅವಳ ದನಿ ನಿಂತಿರಲಿಲ್ಲ. ಮೊಮ್ಮಗಳಿಗೆ ಆಯಿಯ ಮೇಲೆ ಎಷ್ಟು ಜೀವವಿತ್ತು ನೋಡಿ ಎಂದು ಓಣಿಯವರು ಮಾತಾಡಿಕೊಂಡರು. ಕೆಲವು ತಿಂಗಳ ಮೇಲೆ ನಾನು ತರಬೇತಿಯಿಂದ ರಜೆಗೆ ಬಂದಿದ್ದೆ. ಇಬ್ಬರೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆವು. ಬಿಸಿಲಿಗೆ ಮಣ್ಣಿನ ಮಾಳಿಗೆ ಕಾದು, ಖಾರದ ಘಾಟು ಮೂಗಿಗೆ ಏರುತ್ತಿತ್ತು. ಅವಳಿಗೆ ಹದಿನಾಲ್ಕು ತುಂಬಿತ್ತು. ಆದದ್ದನ್ನು ಬಿಟ್ಟು, ಆಗಬಹುದಾಗಿದ್ದದ್ದನ್ನು ಎತ್ತಿಕೊಂಡು ಜಗಳವಾಡುವ ವಯಸ್ಸು.

'ಅವ್ವ ಸತ್ತಾಗ ನೀ ಅತ್ತೇನಕ್ಕಾ?'

'ಅತ್ತೆ.'

'ಅಪ್ಪ?'

'ಅಪ್ಪನೂ ಅತ್ತ. ಆಯಿ ಎದಿ ಬಡಕೊಂಡು ಅತ್ಲು.'

'ನಾ ಯಾರ ಜೋಡಿ ಅಳಬೇಕಿತ್ತು ಹೇಳು? ನನಗ ತಿಳಿಯೂದ್ರಾಗ ನಿಮ್ಮೆಲ್ಲರದೂ ಅತ್ತು ಮುಗದಿತ್ತು. ಮಠದಿಂದ ಬಂದ ದಿವಸ ಅತ್ರ ಆಯಿಗಿ ಗೊತ್ತಾಗ್ತದ, ಅಪ್ಪಗ ಗೊತ್ತಾಗ್ತದ. ಆಯಿ ಹೋದ ಮ್ಯಾಲ ಅವ್ವನ ಪಾಲಿಂದೂ ಕೂಡಿಸಿ ಅತ್ತೆ.'

'ಮೊದಲ ಹೇಳಿದ್ರ ನಿನಗ ತಿಳೀತಿತ್ತೇನ ಮಲ್ಲಿ? ಇಷ್ಟ ಇದ್ದಿ.'

'ತಿಳೀತಿರಲಿಲ್ಲ, ಖರೆ. ಮತ್ತ ಕೇಳ್ತಿದ್ದೆ. ನೀವು ಮತ್ತ ಹೇಳಬೇಕಿತ್ತು. ಕೇಳಿದಷ್ಟು ಸಲ ಹೇಳಿದ್ರ, ತಿಳಿಯೋ ದಿವಸ ನಾ ಒಬ್ಬಾಕಿನೇ ಆ ಬಸ್ಸಿನ್ಯಾಗ ಕುಂತಿರತಿರಲಿಲ್ಲ.'

ಅವಳು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ತಾಕಬಾರದೆಂದು ಆಯಿ ಕಲಿಸಿದ ಬಗೆ ಅದು.

ಆ ಮನೆ ಈಗಿಲ್ಲ. ಅಪ್ಪ ನಿವೃತ್ತನಾಗುವ ಮೊದಲೇ ಶಾಲೆಗೆ ಕರೆಂಟಿನ ಗಂಟೆ ಬಂತು. ಹಳಿಯ ತುಂಡನ್ನು ಯಾರು ಬಿಚ್ಚಿದರೋ, ಎಲ್ಲಿ ಹೋಯಿತೋ. ಕೊನೆಗಾಲದಲ್ಲಿ ಅಪ್ಪ ಸಂಜೆಯಾಯಿತೆಂದರೆ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದ, ಬಲು ಮೆಲ್ಲಗೆ. ಅವನು ಹೋದ ಮೇಲೆ ಬಂದ ದೊಡ್ಡ ಮಳೆಗೆ ಮಾಳಿಗೆ ಕುಸಿಯಿತು. ಅಲ್ಲೀಗ ಸಿಮೆಂಟಿನ ಅಂಗಡಿಸಾಲು ಇದೆ. ಒಲೆಯಿದ್ದ ಜಾಗದಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ. ಆ ಹೊತ್ತಿನ ಗಂಟೆ, ಆ ಹಸಿರು ಸೀರೆ, ಬೇವಿನ ಹೂವು ಉದುರಿದ ಆ ತಲೆ, ಇವನ್ನೆಲ್ಲ ಕಂಡವರಲ್ಲಿ ಉಳಿದಿದ್ದವರು ಮಲ್ಲಿ ಮತ್ತು ನಾನು. ಈಗ ನಾನು. ನಿಮ್ಮ ಮನೆಯಲ್ಲೂ ಹೀಗೆ ಕೊನೆಗೆ ಒಬ್ಬರು ಉಳಿದಿದ್ದರೆ, ನೆನಪನ್ನು ಹೌದೆನ್ನಲು ಇನ್ನೊಬ್ಬರಿಲ್ಲದ ಆ ಮೌನ ನಿಮಗೂ ಗೊತ್ತಿರುತ್ತದೆ.

ಮಲ್ಲಿ ಶಹಾಪುರಕ್ಕೆ ಮದುವೆಯಾಗಿ ಬಂದು, ಬಾಳಿ, ಈ ಮನೆಯಲ್ಲೇ ಒಂದು ಮುಂಜಾನೆ ಚಹಾ ಕುಡಿದು ಕುಳಿತಲ್ಲೇ ಹೋದಳು. ಅವಳ ಮಗನ ಮಗಳು ಸೃಷ್ಟಿಗೆ ಈಗ ನಾಲ್ಕರ ಹತ್ತಿರ. ಅಂದು ಕಬ್ಬಿಣದ ಸದ್ದಿಗೆ ನಾನು ಎದ್ದು ಕುಳಿತಿದ್ದಾಗ ಆ ಮಗು ತನ್ನ ಆಯಿ ಮಲ್ಲಿಯ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿತ್ತು. ಒಳಗೆ ನೋಡಿತು, ಹೊರಗೆ ನೋಡಿತು.

'ಮಮ್ಮೀ, ಆಯಿ ಎಲ್ಲಿ ಹೋಗ್ಯಾಳ?'

ಅವಳ ತಾಯಿ ರೇಣುಕಾ ಅಡುಗೆಮನೆಯಿಂದ, 'ಊರಿಗಿ ಹೋಗ್ಯಾಳ ಚಿನ್ನಿ. ಬರ್ತಾಳ ತಗೋ' ಎಂದಳು.

ನಾನು ಒಳಗೆ ಹೋದೆ. ರೇಣುಕಾ ಒಲೆ ಆರಿಸಿ ಗೋಡೆಗೆ ತಲೆಯಾನಿಸಿ ನಿಂತಿದ್ದಳು. 'ಹಂಗ ಹೇಳಬ್ಯಾಡವ್ವ' ಎಂದೆ.

'ಮತ್ತೇನ ಹೇಳ್ಲಿ ಅತ್ತಿ? ಇಷ್ಟ ಸಣ್ಣ ಕೂಸಿಗಿ ಸಾವು ಅಂದ್ರ ಏನ ತಿಳೀತದ?'

'ತಿಳಿಯಂಗಿಲ್ಲ. ಆದ್ರೂ ಹೇಳೂಣು.'

'ನನ್ನ ಕೈಲೆ ಆಗಂಗಿಲ್ಲ.'

'ನಾ ಹೇಳ್ತೀನಿ. ನೀ ಮಗ್ಗಲಾಗ ಕುಂಡ್ರು. ಅಳು ಬಂದ್ರ ಅಳು, ಹೊರಗ ಹೋಗಬ್ಯಾಡ.'

ಮೂವರೂ ಮಾಳಿಗೆಗೆ ಹೋದೆವು. ಅಲ್ಲಿಂದ ಊರ ಬೆಟ್ಟ ಕಾಣುತ್ತದೆ, ಮಲಗಿದ ಬುದ್ಧನಂತೆ: ಹಣೆ, ಮೂಗು, ಎದೆ. ದಿನವೂ ಮಲ್ಲಿ ಈ ಮಗುವನ್ನು ಇಲ್ಲಿಗೇ ತಂದು ಉಣಿಸುತ್ತಿದ್ದಳಂತೆ. ನಾನು ಸೃಷ್ಟಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಆಸ್ಪತ್ರೆಯಲ್ಲಿ ಎಷ್ಟೋ ಜನರ ಮನೆಯವರಿಗೆ ಸಾವಿನ ಸುದ್ದಿ ಹೇಳಿದವಳು ನಾನು. ಅಂದು ಆ ಮಗುವಿನ ಕಣ್ಣು ನೋಡಿ ಹೇಳಿದೆ.

'ನಿಮ್ಮ ಆಯಿ ಊರಿಗಿ ಹೋಗಿಲ್ಲವ್ವ. ಆಕಿ ಸತ್ತಾಳ.'

ಮಗು ಬೆಟ್ಟದ ಕಡೆ ಕೈ ತೋರಿಸಿತು. 'ಬುದ್ಧ ಮಕ್ಕೊಂಡಂಗ ಮಕ್ಕೊಂಡಾಳ?'

'ಇಲ್ಲ. ಮಕ್ಕೊಂಡವ್ರು ಏಳ್ತಾರ. ಆಕಿ ಉಸರು ನಿಂತದ. ಆಕಿಗಿ ಹಸಿವಾಗಂಗಿಲ್ಲ, ನೋವಾಗಂಗಿಲ್ಲ. ಹೊಳ್ಳಿ ಬರಂಗಿಲ್ಲ.'

'ನಾಳಿ?'

'ನಾಳಿನೂ ಬರಂಗಿಲ್ಲ.'

ಅದು ಹುಬ್ಬು ಗಂಟಿಕ್ಕಿತು, ಥೇಟು ಮಲ್ಲಿಯ ಹಾಗೆ. 'ಸಾಲಿ ಬಿಟ್ಟ ಮ್ಯಾಲ?'

ಹಿಂದಿನ ಓಣಿಯಲ್ಲಿ ಕಬ್ಬಿಣ ಇನ್ನೂ ಮೊಳಗುತ್ತಿತ್ತು. ಬೇವಿನ ಮರ, ಹೆಗಲೆತ್ತರದ ಸಲಾಕೆ, ಬಿಳಿಚಿಕೊಂಡ ಅಪ್ಪನ ಮೋರೆ, ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. 'ಸಾಲಿ ಬಿಟ್ಟ ಮ್ಯಾಲೂ ಬರಂಗಿಲ್ಲ ನನ್ನವ್ವ' ಎಂದೆ. ರೇಣುಕಾ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಮಗು ತಾಯಿಯನ್ನು ನೋಡಿತು, ನನ್ನನ್ನು ನೋಡಿತು. ನನ್ನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ, ಒದ್ದೆಯಾದ ಬೆರಳನ್ನು ನೋಡಿಕೊಂಡಿತು. ತುಟಿ ಕೆಳಗೆ ಜಾರಿತು. ಯಾಕೆಂದು ಪೂರ್ತಿ ತಿಳಿಯದೆಯೂ ನಮ್ಮಿಬ್ಬರ ಜೊತೆ ಅಳಲು ಶುರುಮಾಡಿತು.

ಆಮೇಲೆ ಇಳಿದುಹೋಗಿ ಆಟಕ್ಕೆ ತೊಡಗಿತು. ಹೊತ್ತು ಇಳಿದು ಅಂಗಡಿಯ ಸದ್ದು ನಿಂತಿತು. ಸಂಜೆ ಬರುವವರಿಗೆಂದು ನಾನು ಚಾಪೆ ಹಾಸುತ್ತಿದ್ದೆ. ಕಸ ಗುಡಿಸುವುದಿತ್ತು, ದೀಪ ಹಚ್ಚುವುದಿತ್ತು, ನೀರು ತುಂಬುವುದಿತ್ತು. ಆ ದೊಡ್ಡ ಚಪ್ಪಲಿಗಳು ಪಟಪಟ ಸದ್ದು ಮಾಡುತ್ತ ಬಂದು ನನ್ನ ಮುಂದೆ ನಿಂತವು.

'ದೊಡ್ಡಾಯಿ, ಆಯಿ ಯಾವಾಗ ಬರ್ತಾಳ?'

ಅರ್ಧ ಬಿಚ್ಚಿದ್ದ ಚಾಪೆಯನ್ನು ಹಾಗೆಯೇ ಬಿಟ್ಟು, ನಾನು ಅವಳ ಎದುರು ನೆಲದ ಮೇಲೆ ಕುಳಿತುಕೊಂಡೆ.